ಬಾಲಿಗೆ ಹೊರಟ ತೋಟದ ಮನೆಯವರಿಗೆ: ವೀಸಾ, ಕಸ್ಟಮ್ಸ್ ಮತ್ತು ಒಂದು ಹಿಡಿ ಕಾಫಿ ಬೀಜ

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ ಕಾಫಿ, ಮೆಣಸು ಬೆಳೆಯುವವರು. ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ, ಹತ್ತು ದಿನಗಳ ಮಟ್ಟಿಗೆ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ ಬರಬೇಕೆಂದಿದ್ದೇವೆ. ನಾನು, ನನ್ನ ಹೆಂಡತಿ, ಹದಿನಾಲ್ಕು ವರ್ಷದ ಮಗ, ಎಪ್ಪತ್ತೆರಡು ವರ್ಷದ ನನ್ನ ತಾಯಿ, ಒಟ್ಟು ನಾಲ್ವರು. ವೀಸಾ ಅಲ್ಲಿ ಇಳಿದ ಮೇಲೆ ಕೊಡುತ್ತಾರೆ ಎನ್ನುವುದು ನಿಜವೇ? ತಾಯಿಯ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಬರೆದಿದೆ, ಅದರಿಂದ ತಡೆಯುತ್ತಾರೆಯೇ? ಮನೆಯ ತಿಂಡಿ, ಔಷಧಿ, ಮೈಮೇಲಿನ ಚಿನ್ನ ಒಯ್ಯಬಹುದೇ? ಬರುವಾಗ ಅಲ್ಲಿನ ಕಿಂಟಾಮಣಿ ಕಾಫಿಯ ಬೀಜವನ್ನು ಒಂದು ಹಿಡಿ ತಂದು ನಮ್ಮ ನರ್ಸರಿಯಲ್ಲಿ ಹಾಕುವ ಆಸೆಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ವೀಸಾದ ಪ್ರಶ್ನೆ ಮೊದಲು ಬಂದಿದೆ, ಕಾಫಿ ಬೀಜದ ಮಾತು ಕೊನೆಗೆ ಒಂದೇ ಸಾಲಿನಲ್ಲಿ ಬಂದಿದೆ. ಮೂರು ದಶಕ ಕಸ್ಟಮ್ಸ್ ಇಲಾಖೆಯಲ್ಲಿ, ಅದರಲ್ಲೂ ಬಹುಕಾಲ ವಿಮಾನ ನಿಲ್ದಾಣದ ಆಗಮನ ವಿಭಾಗದಲ್ಲಿ ಕೆಲಸ ಮಾಡಿ, ಈಗ ಚಿಕ್ಕಮಗಳೂರಿನಲ್ಲಿ ನೆಲೆಸಿರುವ ನನಗೆ ಇವೆರಡರ ತೂಕ ಅದಲುಬದಲಾಗಿ ಕಾಣುತ್ತದೆ. ಬಾಲಿಯ ವೀಸಾ ಭಾರತೀಯರಿಗೆ ಇಂದು ಮನೆಯಲ್ಲೇ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಕೆಲಸ. ಆ ಒಂದು ಹಿಡಿ ಬೀಜ ಮಾತ್ರ ನಿಮ್ಮ ಒಬ್ಬರ ತೋಟಕ್ಕೆ ಸೀಮಿತವಾದ ಸಂಗತಿಯಲ್ಲ. ನೀವು ಕೇಳಿದ ಕ್ರಮದಲ್ಲೇ ಉತ್ತರಿಸುತ್ತೇನೆ. ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ತೆಗೆದುಕೊಳ್ಳುವುದನ್ನು ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಪಾಸ್‌ಪೋರ್ಟನ್ನು ಬೀರುವಿನಿಂದ ಹೊರತೆಗೆದು ಬೆಳಕಿನಲ್ಲಿ ನೋಡಿ. ನೀವು ಬಾಲಿಯಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷಕ್ಕೆ ಕೊಡುವುದರಿಂದ, ದೊಡ್ಡವರದೆಲ್ಲ ಸರಿಯಿದ್ದು ಮಗನದೊಂದೇ ಅವಧಿ ಮುಗಿದಿರುವುದನ್ನು ಹೊರಡುವ ವಾರದಲ್ಲಿ ಕಂಡುಕೊಂಡ ಕುಟುಂಬಗಳನ್ನು ನಾನು ಬಲ್ಲೆ. ಹೊಸದಾಗಿ ಮಾಡಿಸಬೇಕಾದರೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆ ಕೆಲಸ ಆಗುತ್ತದೆ. ಆದರೆ ಪೊಲೀಸ್ ಪರಿಶೀಲನೆಗೆ ಬೇಕಾಗುವ ದಿನಗಳನ್ನು ಲೆಕ್ಕದಲ್ಲಿಟ್ಟುಕೊಂಡು ಮೊದಲೇ ಅರ್ಜಿ ಹಾಕಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ, ಪಾಸ್‌ಪೋರ್ಟಿಗೂ ಹಿಡಿಯುತ್ತದೆ. ಫೋಟೊ ಇರುವ ಪುಟದ ಮೇಲಿನ ಪ್ಲಾಸ್ಟಿಕ್ ಪೊರೆಯ ಅಂಚು ಎದ್ದಿದ್ದರೆ, ಪುಟಗಳು ಒಂದಕ್ಕೊಂದು ಅಂಟಿ ಬಿಡಿಸುವಾಗ ಹರಿದಿದ್ದರೆ, ಹೊಲಿಗೆ ಸಡಿಲವಾಗಿದ್ದರೆ, ಅದನ್ನು ಹಾಳಾದ ಪಾಸ್‌ಪೋರ್ಟ್ ಎಂದು ಪರಿಗಣಿಸುವ ಅಧಿಕಾರ ಅಲ್ಲಿನ ವಲಸೆ ಅಧಿಕಾರಿಗಳಿಗಿದೆ, ಮತ್ತು ಇಂಡೊನೇಷ್ಯಾದವರು ಈ ವಿಷಯದಲ್ಲಿ ಬಿಗಿಯಾಗಿದ್ದಾರೆ. ಅವರು ವಾಪಸು ಕಳಿಸಿದರೆ ಹೊಣೆ ತಮ್ಮ ಮೇಲೆ ಬರುತ್ತದೆಂಬ ಕಾರಣಕ್ಕೆ ವಿಮಾನ ಸಂಸ್ಥೆಯವರು ಬೆಂಗಳೂರಿನಲ್ಲೇ ಹತ್ತಿಸಿಕೊಳ್ಳದೆ ಇರಬಹುದು.

ಈಗ ವೀಸಾ. ನೀವು ಕೇಳಿದ್ದು ನಿಜ: ಭಾರತೀಯರಿಗೆ ಅಲ್ಲಿ ಇಳಿದ ಮೇಲೆ, ಡೆನ್‌ಪಸಾರ್‌ನ ಙುರಾ ರಾಯ್ ವಿಮಾನ ನಿಲ್ದಾಣದಲ್ಲೇ, ಆಗಮನ ವೀಸಾ ಕೊಡುತ್ತಾರೆ. ಶುಲ್ಕ ತಲಾ 5,00,000 ರೂಪಿಯಾ. ಅಲ್ಲಿನ ಹಣದ ಸೊನ್ನೆಗಳನ್ನು ಕಂಡು ಗಾಬರಿಯಾಗಬೇಡಿ, ನಮ್ಮ ಹಣದಲ್ಲಿ ಅದು ಎರಡೂವರೆಯಿಂದ ಮೂರು ಸಾವಿರ ರೂಪಾಯಿಯ ನಡುವೆ ಬರುತ್ತದೆ. ಮಗುವಿಗೂ ಪ್ರತ್ಯೇಕ ವೀಸಾ ಬೇಕು, ವಯಸ್ಸಿನ ವಿನಾಯಿತಿ ಇಲ್ಲ. ಇದೇ ವೀಸಾವನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ವ್ಯವಸ್ಥೆಯೂ ಇದ್ದು, ಅದನ್ನು ಇ-ವಿಒಎ ಎನ್ನುತ್ತಾರೆ. ಪಾಸ್‌ಪೋರ್ಟಿನ ಫೋಟೊ ಪುಟ, ಒಂದು ಭಾವಚಿತ್ರ, ವಾಪಸು ಬರುವ ಟಿಕೆಟ್, ಹಣ ಕಟ್ಟಲು ಅಂತರರಾಷ್ಟ್ರೀಯ ಪಾವತಿಗೆ ತೆರೆದಿರುವ ಕಾರ್ಡ್ ಇದ್ದರೆ ಸಾಕು. ಹೀಗೆ ಪಡೆದ ವೀಸಾವನ್ನು 90 ದಿನಗಳೊಳಗೆ ಬಳಸಬೇಕು. ವಯಸ್ಸಾದ ತಾಯಿಯವರು ರಾತ್ರಿಯ ಪ್ರಯಾಣ ಮುಗಿಸಿ ಇಳಿದ ಮೇಲೆ ಶುಲ್ಕದ ಸಾಲಿನಲ್ಲೊಮ್ಮೆ, ಮುದ್ರೆಯ ಸಾಲಿನಲ್ಲೊಮ್ಮೆ ನಿಲ್ಲುವುದು ತಪ್ಪಲಿ ಎಂಬ ಒಂದೇ ಕಾರಣಕ್ಕಾದರೂ ನೀವು ಆನ್‌ಲೈನ್ ದಾರಿಯನ್ನೇ ಹಿಡಿಯಬೇಕೆಂದು ನನ್ನ ಸಲಹೆ.

ಆದರೆ ಜಾಲತಾಣದ ವಿಳಾಸವನ್ನು ಒಂದಕ್ಕೆರಡು ಸಲ ನೋಡಿಕೊಳ್ಳಿ. ಇಂಡೊನೇಷ್ಯಾ ಸರ್ಕಾರದ ತಾಣಗಳ ವಿಳಾಸ ‘ಜಿಒ ಡಾಟ್ ಐಡಿ’ ಎಂದು ಮುಗಿಯುತ್ತದೆ. ಹುಡುಕಿದಾಗ ಮೊದಲಿಗೆ ಕಾಣುವ, ಸರ್ಕಾರದ್ದೇ ಎನಿಸುವಂತೆ ಗರುಡನ ಲಾಂಛನ ಹಾಕಿಕೊಂಡ ಖಾಸಗಿ ತಾಣಗಳು ಎರಡು ಮೂರು ಪಟ್ಟು ಹಣ ಕೇಳುತ್ತವೆ, ಕೆಲವು ಹಣ ತೆಗೆದುಕೊಂಡು ಏನನ್ನೂ ಕಳಿಸುವುದಿಲ್ಲ.

ಈ ವೀಸಾದಲ್ಲಿ 30 ದಿನ ಇರಬಹುದು, ಒಂದು ಸಲ ಇನ್ನು 30 ದಿನಕ್ಕೆ ವಿಸ್ತರಿಸಿಕೊಳ್ಳಬಹುದು. ಹತ್ತು ದಿನಕ್ಕೆ ಹೋಗುವ ನಿಮಗೆ ಇದು ಬೇಕಾಗದಿದ್ದರೂ ಲೆಕ್ಕ ಹಾಕುವ ರೀತಿ ತಿಳಿದಿರಲಿ: ನೀವು ಇಳಿದ ದಿನವೇ, ಅದು ರಾತ್ರಿ ಹನ್ನೊಂದೂವರೆಯಾಗಿದ್ದರೂ, ಮೊದಲನೆಯ ದಿನ. ಅವಧಿ ಮೀರಿ ಉಳಿದರೆ ಒಬ್ಬರಿಗೆ ದಿನಕ್ಕೆ 10,00,000 ರೂಪಿಯಾ ದಂಡ, 60 ದಿನ ಮೀರಿದರೆ ಗಡೀಪಾರು ಮತ್ತು ಮರುಪ್ರವೇಶಕ್ಕೆ ನಿಷೇಧ. ಪ್ರವಾಸ, ತೋಟ ನೋಡುವುದು, ಬೆಳೆಗಾರರೊಡನೆ ಮಾತುಕತೆ, ಇವೆಲ್ಲ ಈ ವೀಸಾದೊಳಗೆ ಬರುತ್ತವೆ; ಸಂಬಳಕ್ಕೆ ದುಡಿಯುವುದು, ಅಲ್ಲಿ ಮಾಲು ಮಾರುವುದು ಬರುವುದಿಲ್ಲ. ನಿಮ್ಮ ಕಾಫಿಪುಡಿಯ ಪೊಟ್ಟಣವನ್ನು ಅಲ್ಲಿನ ಬೆಳೆಗಾರರಿಗೆ ಉಡುಗೊರೆಯಾಗಿ ಕೊಡಿ, ಬೆಲೆ ಕಟ್ಟಬೇಡಿ.

ವೀಸಾದ ಜೊತೆಗೆ ಇನ್ನೆರಡು ಕೆಲಸಗಳಿವೆ, ಅವುಗಳನ್ನು ಜನ ಮರೆಯುತ್ತಾರೆ. 2024ರ ಫೆಬ್ರವರಿ 14ರಿಂದ ಬಾಲಿ ಪ್ರಾಂತ್ಯದ ಆಡಳಿತ, ತನ್ನ ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಪ್ರತಿ ವಿದೇಶಿ ಪ್ರವಾಸಿಯಿಂದ 1,50,000 ರೂಪಿಯಾ ತೆಗೆದುಕೊಳ್ಳುತ್ತಿದೆ. ಇದು ವೀಸಾ ಶುಲ್ಕಕ್ಕೆ ಸೇರಿದ್ದಲ್ಲ, ಬೇರೆಯೇ. ‘ಲವ್ ಬಾಲಿ’ ಎಂಬ ಆಡಳಿತದ ತಾಣದಲ್ಲಿ ಮೊದಲೇ ಕಟ್ಟಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬಹುದು. ಎರಡನೆಯದು ‘ಆಲ್ ಇಂಡೊನೇಷ್ಯಾ’ ಎಂಬ ಆಗಮನ ಘೋಷಣೆ. ಹಿಂದೆ ಆರೋಗ್ಯಕ್ಕೊಂದು, ಕಸ್ಟಮ್ಸಿಗೊಂದು ಎಂದು ಬೇರೆಬೇರೆ ತುಂಬಬೇಕಿದ್ದ ಅರ್ಜಿಗಳನ್ನು 2025ರಲ್ಲಿ ಒಂದೇ ಆನ್‌ಲೈನ್ ನಮೂನೆಯಾಗಿ ಕೂಡಿಸಿದ್ದಾರೆ. ಇಳಿಯುವ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು, ಇದಕ್ಕೆ ಶುಲ್ಕವಿಲ್ಲ. ಯಾರಾದರೂ ಶುಲ್ಕ ಕೇಳಿದರೆ ನೀವು ತಪ್ಪು ತಾಣದಲ್ಲಿದ್ದೀರಿ ಎಂದರ್ಥ. ಈ ನಮೂನೆಯ ಕಸ್ಟಮ್ಸ್ ಭಾಗದಲ್ಲಿ ಸಸ್ಯ, ಪ್ರಾಣಿ, ಅವುಗಳ ಉತ್ಪನ್ನ ಇವೆಯೇ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಓದದೆ ‘ಇಲ್ಲ’ ಎಂದು ಒತ್ತುವುದು ಸಲ್ಲದು. ನೀವು ಬರೆದುಕೊಡುವ ಹೇಳಿಕೆ ಅದು.

ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಬಾಲಿಯ ಹಿಂದೂಗಳು ನಮ್ಮಂತೆಯೇ ಶಕವರ್ಷವನ್ನು ಎಣಿಸುವವರು. ಅವರ ಹೊಸವರ್ಷವಾದ ‘ನ್ಯೆಪಿ’ ಸಾಮಾನ್ಯವಾಗಿ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ನಾವು ಹೋಳಿಗೆ ಮಾಡುವ ಹೊತ್ತಿಗೆ ಅವರು ಇಡೀ ದಿನ ಮೌನ ಹಿಡಿಯುತ್ತಾರೆ: ದೀಪ ಹಚ್ಚುವುದಿಲ್ಲ, ಬೀದಿಗೆ ಬರುವುದಿಲ್ಲ, ಪ್ರವಾಸಿಗರೂ ವಸತಿಗೃಹದ ಆವರಣ ದಾಟುವಂತಿಲ್ಲ, ಮತ್ತು ವಿಮಾನ ನಿಲ್ದಾಣವೇ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಕೊಯ್ಲು ಮುಗಿಸಿ, ಹೂಮಳೆಗೆ ಕಾಯುವ ಬಿಡುವಿನಲ್ಲಿ ಹೊರಡುವ ನಮ್ಮ ಬೆಳೆಗಾರರಿಗೆ ಈ ದಿನ ಎದುರಾಗುವ ಸಂಭವ ಹೆಚ್ಚು. ನೀವು ಮಾರ್ಚ್ ಎಂದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತಾಯಿಯವರ ಇಸಿಆರ್, ಅಂದರೆ ‘ವಲಸೆ ಪರಿಶೀಲನೆ ಅಗತ್ಯ’ ಎಂಬ ಗುರುತಿನ ಬಗ್ಗೆ ನಿಶ್ಚಿಂತೆಯಿಂದಿರಿ. ಹತ್ತನೆಯ ತರಗತಿ ತೇರ್ಗಡೆಯಾಗದವರು ದುಡಿಮೆಗಾಗಿ ಕೆಲವು ದೇಶಗಳಿಗೆ ಹೋಗುವಾಗ ಮೋಸಹೋಗದಿರಲೆಂದು, ವಲಸೆ ಅನುಮತಿ ಪಡೆದೇ ಹೊರಡಬೇಕೆಂದು ನಮ್ಮ ಸರ್ಕಾರ ಮಾಡಿರುವ ವ್ಯವಸ್ಥೆ ಅದು. ಆ 18 ದೇಶಗಳ ಪಟ್ಟಿಯಲ್ಲಿ ಇಂಡೊನೇಷ್ಯಾ ಇರುವುದರಿಂದ ಬೆಂಗಳೂರಿನ ವಲಸೆ ಕೌಂಟರಿನಲ್ಲಿ ಒಂದೆರಡು ಪ್ರಶ್ನೆ ಕೇಳಬಹುದು. ಅನುಮತಿ ಬೇಕಾಗುವುದು ಉದ್ಯೋಗಕ್ಕೆ ಹೋಗುವವರಿಗೆ ಮಾತ್ರ. ಪ್ರವಾಸಕ್ಕೆಂದು ಮಗನ ಜೊತೆ, ವಾಪಸು ಟಿಕೆಟ್ ಮತ್ತು ವಸತಿಗೃಹದ ಕಾಗದ ಹಿಡಿದು ಹೊರಟ ಎಪ್ಪತ್ತೆರಡರ ತಾಯಿಯನ್ನು ಯಾರೂ ತಡೆಯುವುದಿಲ್ಲ. ಅದೂ ಅಲ್ಲದೆ, 50 ವರ್ಷ ದಾಟಿದವರಿಗೆ ಈ ಅನುಮತಿಯ ಅಗತ್ಯವೇ ಇಲ್ಲವೆಂದು ನಿಯಮವಿದೆ. ಮುಂದಿನ ಸಲ ನವೀಕರಿಸುವಾಗ ಆ ಗುರುತನ್ನು ತೆಗೆಸಿಬಿಡಿ. ಕೌಂಟರಿನಲ್ಲಿ ನೀವು ಅವರ ಪಕ್ಕದಲ್ಲೇ ನಿಂತಿದ್ದು, ಅವರಿಗೆ ಕನ್ನಡ ಮಾತ್ರ ಬರುತ್ತದೆಂದು ಹೇಳಿದರೆ ಅಷ್ಟೇ ಸಾಕು.

ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಅನೇಕ ವೇಳೆ ಒಂದೇ ಹೆಸರಿದ್ದು, ಸರ್‌ನೇಮ್ ಜಾಗ ಖಾಲಿಯಿರುತ್ತದೆ. ಗಂಡಸರದರಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಬಿಡಿಸಿ ಬರೆದಿರುತ್ತವೆ. ಟಿಕೆಟ್, ವೀಸಾ, ಆಗಮನ ಘೋಷಣೆ ಈ ಮೂರರಲ್ಲೂ ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಿನ ಎರಡು ಸಾಲಿನಲ್ಲಿ ಮುದ್ರಿತವಾಗಿರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ ತುಂಬಿ. ಆಧಾರ್‌ನಲ್ಲಿ ಇರುವ ಹೆಸರು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಲಗೇಜು. ಚಟ್ನಿಪುಡಿ, ಹುರಿದು ಪುಡಿಮಾಡಿದ ಕಾಫಿ, ಹಲಸಿನ ಹಪ್ಪಳ, ಚಕ್ಕುಲಿ, ಕೋಡುಬಳೆ ಮುಂತಾದ ಸಂಸ್ಕರಿಸಿದ ಒಣ ತಿಂಡಿಗಳನ್ನು ಮನೆಬಳಕೆಗೆ ಬೇಕಾಗುವಷ್ಟು, ಗಾಳಿಯಾಡದಂತೆ ಮುಚ್ಚಿ, ಹೆಸರು ಬರೆದು ಒಯ್ಯಿರಿ. ಮಿಡಿ ಉಪ್ಪಿನಕಾಯಿಯನ್ನು ಚೆಕ್-ಇನ್ ಲಗೇಜಿಗೆ ಹಾಕಿ. ಹಸಿ ಹಣ್ಣು, ವೀಳ್ಯದೆಲೆ, ಹಸಿರು ಮೆಣಸಿನ ಗೊಂಚಲು, ಬಿತ್ತನೆಗೆ ಬರುವ ಯಾವುದೇ ಬೀಜ, ಮಾಂಸದ ಪದಾರ್ಥ ಬೇಡ. ಅವಕ್ಕೆ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲವಾದರೆ ಅಲ್ಲಿನ ಕ್ವಾರಂಟೈನ್ ಸಿಬ್ಬಂದಿ ತೆಗೆದಿಟ್ಟುಕೊಳ್ಳುತ್ತಾರೆ. ಹುರಿಯದ ಹಸಿರು ಕಾಫಿ ಬೀಜವೂ ಇದೇ ಸಾಲಿಗೆ ಸೇರುತ್ತದೆ. ತಾಯಿಯವರ ಪೂಜೆಯ ಚೀಲದಿಂದ ಕರ್ಪೂರ ಮತ್ತು ಬೆಂಕಿಪೊಟ್ಟಣವನ್ನು, ಅರಸೀಕೆರೆಯ ನೆಂಟರು ಕೊಟ್ಟ ಉಂಡೆ ಕೊಬ್ಬರಿಯನ್ನು ಮನೆಯಲ್ಲೇ ತೆಗೆದಿಡಿ. ಎಣ್ಣೆಯ ಅಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ವಿಮಾನಯಾನದ ನಿಯಮಗಳಲ್ಲಿ ಗುರುತಿಸಿದ್ದಾರೆ.

ನೀವು ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋದರೆ ಮುಂದಿನ ಮಾತು ಅನ್ವಯಿಸುವುದಿಲ್ಲ. ಸಿಂಗಪುರದಲ್ಲಿ ಇಳಿದು ಎರಡು ದಿನ ನೋಡಿಕೊಂಡು ಮುಂದೆ ಹೋಗುವ ಯೋಚನೆಯಿದ್ದರೆ, ಗಸಗಸೆ, ಹೊಗೆಸೊಪ್ಪು, ಗುಟ್ಕಾ ಇವುಗಳಲ್ಲಿ ಒಂದು ಚೂರೂ ಲಗೇಜಿನಲ್ಲಿರಬಾರದು. ಮೂರೂ ಅಲ್ಲಿ ನಿಷಿದ್ಧ. ಪಾಯಸಕ್ಕೆಂದು ಅಡುಗೆಮನೆಯ ಡಬ್ಬಿಯಿಂದ ತೆಗೆದುಕೊಂಡ ಗಸಗಸೆ ಅಲ್ಲಿ ಮಾದಕವಸ್ತುವಿನ ಕಾನೂನಿನೊಳಗೆ ಬರುತ್ತದೆ.

ಇಂಡೊನೇಷ್ಯಾದ ಮಾದಕವಸ್ತು ಕಾನೂನು ಬಹಳ ಕಠಿಣ, ಮರಣದಂಡನೆಯವರೆಗೂ ಹೋಗುತ್ತದೆ. ಅದರಿಂದ ನಿಮ್ಮಂಥವರಿಗೆ ಬರುವ ತೊಂದರೆ ಔಷಧಿಯ ರೂಪದಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಅಡ್ಡಿಯಿಲ್ಲ. ಆದರೆ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಎಂಬ ನೋವಿನ ಮಾತ್ರೆ, ನಿದ್ದೆಗೆ ಕೊಡುವ ಆಲ್ಪ್ರಜೋಲಾಂ ಇಂಥವು ನಿಯಂತ್ರಿತ ಔಷಧಿಗಳು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಕೊಳ್ಳುವ ಅಭ್ಯಾಸ ತಾಯಿಯವರಿಗಿದ್ದರೆ ಈ ಹತ್ತು ದಿನ ಬಿಡಿಸಿ. ಮೂಲ ಸ್ಟ್ರಿಪ್, ಔಷಧಿಯ ಮೂಲ ಹೆಸರು ಬರೆದ ವೈದ್ಯರ ಚೀಟಿ, ಎರಡೂ ಕೈಚೀಲದಲ್ಲಿರಲಿ. ಬೇರೆಯವರು ತಲುಪಿಸಿ ಎಂದು ಕೊಟ್ಟ ಪೊಟ್ಟಣವನ್ನು, ಕೊಟ್ಟವರು ಎಷ್ಟೇ ಬೇಕಾದವರಾಗಿದ್ದರೂ, ನೀವೇ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬಾಲಿಯ ಕಸ್ಟಮ್ಸಿನ ಉಳಿದ ಮಿತಿಗಳನ್ನು ಚಿಕ್ಕದಾಗಿ ಹೇಳುವುದಾದರೆ, ವಯಸ್ಕರಿಗೆ ಒಂದು ಲೀಟರ್ ಮದ್ಯ, 200 ಸಿಗರೇಟು, ತಲಾ 500 ಡಾಲರ್ ಬೆಲೆಯ ಸ್ವಂತದ ವಸ್ತುಗಳಿಗೆ ಸುಂಕವಿಲ್ಲ. 10 ಕೋಟಿ ರೂಪಿಯಾ ಅಥವಾ ಅದಕ್ಕೆ ಸಮನಾದ ನಗದು ಇದ್ದರೆ ಘೋಷಿಸಬೇಕು.

ನಮ್ಮ ದೇಶದಿಂದ ಹೊರಗೆ ಒಯ್ಯುವ ಹಣಕ್ಕೂ ಮಿತಿಯಿದೆ. ಭಾರತದ ನೋಟುಗಳನ್ನು ಒಬ್ಬರು 25,000 ರೂಪಾಯಿಯವರೆಗೆ, ವಿದೇಶಿ ನೋಟುಗಳನ್ನು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು. ಮಿಕ್ಕಿದ್ದನ್ನು ಕಾರ್ಡಿನಲ್ಲಿ ಹಾಕಿಸಿಕೊಳ್ಳಿ. ಪ್ರವಾಸ ಸಂಸ್ಥೆಯವರು ಟಿಸಿಎಸ್ ಎಂದು ಹಿಡಿಯುವ ಹಣ ನಿಮ್ಮದೇ ತೆರಿಗೆಯ ಮುಂಗಡ, ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಎತ್ತಿಡಿ.

ಚಿನ್ನದ ವಿಷಯ ನನ್ನ ಕೆಲಸದ ದಿನಗಳಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸಿದ್ದು. ಒಂದು ಬೆಳಗಿನ ಜಾವ ನಮ್ಮ ಮೇಜಿನ ಮುಂದೆ ನಿಂತ ಹಿರಿಯ ಮಹಿಳೆಯೊಬ್ಬರು ಕೈಯಿಂದ ಬಳೆ ಬಿಚ್ಚಲು ಆಗದೆ, ಸೋಪಿನ ನೀರು ತರಿಸಿ ಬಿಡಿಸಿಕೊಟ್ಟರು. ನಾಲ್ಕು ಬಳೆ, ಒಳಮೈ ಸವೆದು ಕನ್ನಡಿಯಂತಾಗಿತ್ತು. ಸಣ್ಣ ತಕ್ಕಡಿಯಲ್ಲಿಟ್ಟಾಗ ಮುಳ್ಳು ಅಲುಗಾಡಿ ನಿಲ್ಲುವವರೆಗೆ ಅವರು ಉಸಿರು ಹಿಡಿದು ನಿಂತಿದ್ದರು. ಮದುವೆಯಲ್ಲಿ ಹಾಕಿದ ಬಳೆ ಎಂದು ಸವೆತವೇ ಹೇಳುತ್ತಿತ್ತು, ಆದರೆ ಅವು ಇಲ್ಲಿಂದಲೇ ಹೋದವು ಎನ್ನುವುದಕ್ಕೆ ಕಾಗದವಿರಲಿಲ್ಲ. ಹಳೆಯ ಫೋಟೊಗಳನ್ನು ಮನೆಯಿಂದ ತರಿಸಿ, ಅವರನ್ನು ಕಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇಂಥದ್ದು ತಪ್ಪಬೇಕಾದರೆ ಹೊರಡುವ ದಿನ, ಲಗೇಜು ಕೊಡುವ ಮೊದಲು, ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯ ಬಳಿ ಆಭರಣ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇದಕ್ಕಾಗಿ ಒಂದು ಗಂಟೆ ಮೊದಲೇ ಹೋಗಿ. ವಿದೇಶದಿಂದ ಸುಂಕವಿಲ್ಲದೆ ಚಿನ್ನದ ಒಡವೆ ತರುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ನೆಲೆಸಿದ್ದವರಿಗಿದೆಯೇ ಹೊರತು ಹತ್ತು ದಿನದ ಪ್ರವಾಸಿಗರಿಗಿಲ್ಲ. ನನ್ನನ್ನು ಕೇಳಿದರೆ, ತಾಳಿ ಸರ ಮತ್ತು ಒಂದು ಜೊತೆ ಓಲೆಯ ಹೊರತು ಉಳಿದದ್ದನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಹೊರಡಿ.

ವಾಪಸು ಬರುವಾಗ ವಯಸ್ಕರು ಎರಡು ಲೀಟರ್ ಮದ್ಯ, 100 ಸಿಗರೇಟು ಸುಂಕವಿಲ್ಲದೆ ತರಬಹುದು. ಇತರ ಕೊಳ್ಳುವಿಕೆಗೆ ಒಟ್ಟು ಬೆಲೆಯ ಮಿತಿಯಿದೆ. 2016ರ ಬ್ಯಾಗೇಜ್ ನಿಯಮಗಳು ಅದನ್ನು ತಲಾ 50,000 ರೂಪಾಯಿ ಎಂದು ಇಟ್ಟಿದ್ದವು. ಈ ಮೊತ್ತವನ್ನು ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ. ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಕೂಡಿಸಿ ಒಂದೇ ದುಬಾರಿ ವಸ್ತು ತರಲು ಬರುವುದಿಲ್ಲ.

ಈಗ ಕಾಫಿ ಬೀಜಕ್ಕೆ ಬರುತ್ತೇನೆ. ನೇರವಾದ ಉತ್ತರ: ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆಗೆ ಬರುವ ಯಾವ ಬೀಜವನ್ನೂ ಆಮದು ಪರವಾನಗಿ ಮತ್ತು ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತದೊಳಗೆ ತರಲು ಬರುವುದಿಲ್ಲ. ಕಾಫಿಯ ವಿಷಯದಲ್ಲಿ ಕಟ್ಟು ಇನ್ನೂ ಬಿಗಿ. ಕಾಫಿ ಮಂಡಳಿಯ ಸಂಶೋಧನಾ ವಿಭಾಗದ ಶಿಫಾರಸು ಇದ್ದರೆ ಮಾತ್ರ ಅದಕ್ಕೆ ದಾರಿ. ಹೇಳದೆ ತಂದು ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು, ದಂಡ.

ನಮ್ಮ ಕಡೆಯ ಬೆಳೆಗಾರರೊಬ್ಬರು ಒಮ್ಮೆ ನನ್ನ ಮುಂದೆ ಇದೇ ಪ್ರಶ್ನೆಗೆ ಬಹಳ ನೊಂದು ಮಾತನಾಡಿದರು. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟದ್ದರಿಂದಲೇ ಅಲ್ಲವೇ ಇಷ್ಟು ಮನೆಗಳು ಅನ್ನ ಕಂಡದ್ದು, ನನ್ನ ಕೈಯಲ್ಲಿರುವ ಒಂದು ಹಿಡಿಗೆ ಯಾಕೆ ಇಷ್ಟು ತಕರಾರು ಎಂದು ಕೇಳಿದರು. ಅವರ ಕರವಸ್ತ್ರದಲ್ಲಿ ಕಟ್ಟಿದ್ದ ಬೀಜಗಳನ್ನು ಬಿಳಿ ಕಾಗದದ ಮೇಲೆ ಹರಡಿದೆವು. ಪಾರ್ಚ್‌ಮೆಂಟ್ ಎಂಬ ಒಣ ಹೊರಸಿಪ್ಪೆಯ ಸಮೇತ ಇದ್ದ, ನೋಡಲು ದಷ್ಟಪುಷ್ಟವಾದ ಬೀಜಗಳು. ಸಸ್ಯ ಕ್ವಾರಂಟೈನ್ ಅಧಿಕಾರಿ ಭೂತಗನ್ನಡಿ ಹಿಡಿದು ಅವುಗಳಲ್ಲಿ ಒಂದನ್ನು ಬೇರೆ ಇಟ್ಟರು. ಅದರಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತಿತ್ತು. ಬ್ಲೇಡಿನಿಂದ ಸೀಳಿದಾಗ ಒಳಗೆ ಪುಡಿಯಾದ ಬೀಜದ ನಡುವೆ, ಎಳ್ಳಿಗಿಂತಲೂ ಚಿಕ್ಕದಾದ ಕಪ್ಪು ದುಂಬಿಯೊಂದು ನಿಧಾನಕ್ಕೆ ಕಾಲಾಡಿಸುತ್ತಿತ್ತು. ಆ ಬೆಳೆಗಾರರು ಅದನ್ನು ನೋಡಿದ ಕೂಡಲೇ ಗುರುತಿಸಿದರು, ಮತ್ತೆ ಮಾತನಾಡಲಿಲ್ಲ.

ಅದು ಕಾಯಿ ಕೊರಕ. ಆಫ್ರಿಕಾ ಮೂಲದ ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗು, ವಯನಾಡು ದಾಟಿ ನಮ್ಮ ಜಿಲ್ಲೆಗಳಿಗೂ ಬಂತು. ಎರಡು ಮಿಲಿಮೀಟರ್ ಕೂಡ ಇಲ್ಲದ ಹೆಣ್ಣು ದುಂಬಿ ಕಾಯಿಯ ಹೊಕ್ಕುಳಿನ ಕಡೆಯಿಂದ ಕೊರೆದು ಒಳಹೊಕ್ಕು ಬೀಜದೊಳಗೇ ಮೊಟ್ಟೆಯಿಡುತ್ತದೆ. ಹೊರಗಿನ ಸಿಂಪಡಣೆ ಅದನ್ನು ಮುಟ್ಟುವುದು ಕಷ್ಟ. ನೀವು ಪ್ರತಿ ವರ್ಷ ಗಿಡದ ಮೇಲೆ ಉಳಿದ ಕಾಯಿಯನ್ನು ತಡಕಿ ಕೊಯ್ಯಿಸುವುದು, ನೆಲಕ್ಕೆ ಬಿದ್ದದ್ದನ್ನು ಹೆಕ್ಕಿಸುವುದು, ಅದಕ್ಕೆ ಆಳುಗಳ ಕೂಲಿ ಕೊಡುವುದು, ಇದರಲ್ಲಿ ಬಹುಪಾಲು ಆ ಕೀಟದ ದೆಸೆಯಿಂದಲೇ ಅಲ್ಲವೇ? ಎಲೆ ತುಕ್ಕು ರೋಗ ಇದಕ್ಕೂ ಹಳೆಯದು. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡ ಆ ಕಿತ್ತಳೆ ಬಣ್ಣದ ಪುಡಿ ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ಮುಗಿಸಿ, ದ್ವೀಪವನ್ನೇ ಚಹಾಕ್ಕೆ ತಿರುಗಿಸಿತು. ಬಾಬಾಬುಡನ್ ಅವರ ಕಾಲದಲ್ಲಿ ನಮ್ಮ ಗಿರಿಯಲ್ಲಿ ಕಾಫಿಯೇ ಇರಲಿಲ್ಲ, ಆದ್ದರಿಂದ ಹಾಳಾಗಲು ಪಕ್ಕದ ತೋಟವೂ ಇರಲಿಲ್ಲ. ಇಂದು ಆಲ್ದೂರಿನಲ್ಲಿ ನಿಮ್ಮ ಬೇಲಿಯ ಆಚೆಗೆ ಇನ್ನೊಬ್ಬರ ತೋಟ, ಅದರಾಚೆಗೆ ಮತ್ತೊಬ್ಬರದು, ಹೀಗೆ ಮೂಡಿಗೆರೆ, ಸಕಲೇಶಪುರದವರೆಗೂ ನೆರಳು ಮುರಿಯದೆ ಹಬ್ಬಿದೆ. ಇಂಡೊನೇಷ್ಯಾದ ಮಣ್ಣಿನಲ್ಲಿ, ಬೀಜದಲ್ಲಿ ನಮ್ಮಲ್ಲಿಲ್ಲದ ಯಾವ ಶಿಲೀಂಧ್ರ, ಯಾವ ಹುಳು ಇದೆಯೋ ಬರಿಗಣ್ಣಿಗೆ ಕಾಣುವುದಿಲ್ಲ. ಬೀಜ ನಿಮ್ಮ ಪಾತಿಯಲ್ಲಿ ಮೊಳೆತು ಎರಡೆಲೆ ಬಿಡುವ ಹೊತ್ತಿಗೆ ಅದು ಎಲ್ಲಿಗೆ ಹೋಗಿರುತ್ತದೆಂದು ಹೇಳಲು ನಮಗೆ ಯಾರಿಗೂ ಆಗದು.

ಕಿಂಟಾಮಣಿಯ ಕಾಫಿಯ ಮೇಲೆ ನಿಮಗಿರುವ ಆಸೆ ನನಗೆ ಅರ್ಥವಾಗುತ್ತದೆ. ಒಂದು ಊರಿನ ಹೆಸರನ್ನು ಆ ಊರಿನ ಬೆಳೆಗೇ ಮೀಸಲಿಡುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯನ್ನು 2008ರಲ್ಲಿ ಇಂಡೊನೇಷ್ಯಾದಲ್ಲಿ ಮೊಟ್ಟಮೊದಲು ಪಡೆದದ್ದು ಆ ಕಾಫಿಯೇ. ನಮ್ಮ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಅದು ಬಂದದ್ದು 2019ರಲ್ಲಿ. ಅಲ್ಲಿಯೂ ನೆರಳಿನಲ್ಲಿ, ಕಿತ್ತಳೆ ಜಾತಿಯ ಮರಗಳ ನಡುವೆ ಕಾಫಿ ಬೆಳೆಯುತ್ತಾರೆ, ತೋಟದೊಳಗೆ ಕಾಲಿಟ್ಟರೆ ನಿಮಗೆ ಮನೆಯ ನೆನಪಾದೀತು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಬೆಳೆಯುವ ಮುಖ್ಯ ತಳಿಗಳಲ್ಲಿ ಒಂದು ಎಸ್. 795. ಹೌದು, ನಿಮ್ಮ ತೋಟದಲ್ಲೇ ಇರಬಹುದಾದ ಅದೇ ಎಸ್. 795; ಎಸ್. 288 ಮತ್ತು ಕೆಂಟ್ ಎಂಬ ಎರಡು ತಳಿಗಳನ್ನು ಕೂಡಿಸಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಬೆಳೆಸಿದ ತಳಿ ಅದು. ಇಂಡೊನೇಷ್ಯಾದವರು ಅದನ್ನು ಜೆಂಬರ್ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ಅಲ್ಲಿನ ರುಚಿಯಲ್ಲಿ ಬೇರೆಯಾಗಿ ಕಾಣುವುದರ ಬಹುಭಾಗ ಬಾತೂರ್ ಜ್ವಾಲಾಮುಖಿಯ ಮಣ್ಣಿನದು, ಎತ್ತರದ್ದು, ಹಣ್ಣು ಸಂಸ್ಕರಿಸುವ ಕ್ರಮದ್ದು. ಇವುಗಳಲ್ಲಿ ಸಂಸ್ಕರಣೆಯ ಕ್ರಮವನ್ನು ನೀವು ನೋಡಿ, ಕೇಳಿ, ಟಿಪ್ಪಣಿ ಮಾಡಿಕೊಂಡು ತರಬಹುದು; ಅದಕ್ಕೆ ಯಾವ ಕಸ್ಟಮ್ಸಿನಲ್ಲೂ ತಡೆಯಿಲ್ಲ. ರುಚಿಗೆ ಹುರಿದ ಕಾಫಿಯ ಪೊಟ್ಟಣಗಳನ್ನು, ಕಾರ್ಖಾನೆಯ ಮುದ್ರೆ ಒಡೆಯದಂತೆ, ಮನೆಬಳಕೆಗೆ ಬೇಕಾದಷ್ಟು ತನ್ನಿ. ಹೊಸ ತಳಿಯೇ ಬೇಕೆಂದಿದ್ದರೆ ಬಾಳೆಹೊನ್ನೂರಿನ ಕೇಂದ್ರಕ್ಕೆ ಹೋಗಿ ವಿಚಾರಿಸಿ. 1925ರಿಂದ ಅದೇ ಕೆಲಸ ಮಾಡುತ್ತಿರುವವರು, ನಿಮ್ಮ ತೋಟದ ಎತ್ತರ, ಮಳೆಗೆ ಹೊಂದುವ ಬೀಜವನ್ನು ಅವರೇ ಹೇಳುತ್ತಾರೆ.

ಒಂದು ಚಿಕ್ಕ ವಿಷಯ ಉಳಿದಿದೆ. ಮಣ್ಣನ್ನು ದೇಶದೊಳಗೆ ತರುವುದಕ್ಕೂ ನಿಷೇಧವಿದೆ, ಮತ್ತು ತೋಟ ನೋಡಿ ಬಂದವರು ಅದನ್ನು ತಿಳಿಯದೆ ಬೂಟಿನ ಅಡಿಯಲ್ಲಿ ತರುತ್ತಾರೆ. ಕಿಂಟಾಮಣಿಗೆ ಹೋಗುವ ದಿನ ಹಳೆಯ ಬೂಟನ್ನೇ ಹಾಕಿಕೊಳ್ಳಿ. ವಸತಿಗೃಹಕ್ಕೆ ಮರಳಿದ ಮೇಲೆ ಅಟ್ಟೆಯ ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಪ್ಯಾಂಟಿನ ಮಡಿಕೆ ಮತ್ತು ಜೇಬುಗಳನ್ನು ಕೊಡವಿ, ಮಗನ ಜೇಬನ್ನೂ ನೋಡಿ. ಆ ವಯಸ್ಸಿನ ಹುಡುಗರು ಹಣ್ಣು ಕಾಫಿ ಕಿತ್ತು ಬಾಯಿಗೆ ಹಾಕಿಕೊಂಡು ಬೀಜವನ್ನು ಜೇಬಿಗೆ ಸೇರಿಸುವುದು ಸಹಜ. ಆಮೇಲೂ ಯಾವುದಾದರೂ ವಸ್ತುವಿನ ಬಗ್ಗೆ ಅನುಮಾನ ಉಳಿದಿದ್ದರೆ ಬೆಂಗಳೂರಿನಲ್ಲಿ ಇಳಿದಾಗ ಘೋಷಿಸಲು ಏನೂ ಇಲ್ಲದವರ ಹಸಿರು ದಾರಿ ಬಿಟ್ಟು, ಘೋಷಿಸುವವರ ಕೆಂಪು ದಾರಿಗೆ ಹೋಗಿ ಅಧಿಕಾರಿಗೆ ತೋರಿಸಿ. ತಾವಾಗಿ ತೋರಿಸಿದವರ ಮುಂದೆ ನಮ್ಮ ಮೇಜಿನ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.